ಒತ್ತಿದ ಗಾಳಿಯೊಳಗಿನ ನೀರು

ಪಂಕ್ಚರ್ ಅಂಗಡಿಯ ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ಒಂದು ಪುಟ್ಟ ನಲ್ಲಿ ಇರುತ್ತದೆ. ಬೆಳಿಗ್ಗೆ ಅದನ್ನು ತಿರುಗಿಸಿದರೆ ಮೊದಲು ಹೊರಗೆ ಚಿಮ್ಮುವುದು ಗಾಳಿಯಲ್ಲ, ನೀರು. ತುಕ್ಕಿನ ಬಣ್ಣದ್ದು, ಎಣ್ಣೆ ಬೆರೆತು ಹಾಲಿನಂತೆ ಕದಡಿದ್ದು. ಆ ಟ್ಯಾಂಕಿಗೆ ಯಾರೂ ನೀರು ಹಾಕಿರುವುದಿಲ್ಲ. ಗಾಳಿಯಲ್ಲಿ ತೇವ ಇರುತ್ತದೆ, ಅದೇ ನೀರಾಗಿದೆ ಎಂಬಷ್ಟು ಎಲ್ಲರಿಗೂ ಗೊತ್ತು. ಆದರೆ ಅದೇ ಗಾಳಿ ಹೊರಗಿದ್ದಾಗ ತಂತಿಯ ಮೇಲಿನ ಬಟ್ಟೆ ಒಣಗಿಸುತ್ತಿತ್ತು. ಇನ್ನಷ್ಟು ನೀರು ಹೀರಿಕೊಳ್ಳಲು ಅದರಲ್ಲಿ ಜಾಗವಿತ್ತು ಎಂದಾಯಿತು. ಟ್ಯಾಂಕಿನೊಳಗೆ ಹೋದ ಮೇಲೆ ತನ್ನಲ್ಲಿದ್ದ ನೀರನ್ನೂ ಅದು ಏಕೆ ಕೈಬಿಟ್ಟಿತು?

ಪಂಕ್ಚರ್ ಅಂಗಡಿಯಲ್ಲಿ ಇದು ಲೋಟದಷ್ಟು ನೀರಿನ ಮಾತು. ಬೆಂಗಳೂರಿನ ಪೀಣ್ಯದಂಥ ಕಡೆ ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ 500 ಸಿಎಫ್‌ಎಂ ಕಂಪ್ರೆಸರ್ ಒಂದು ಓಡುತ್ತಿದೆ ಎಂದುಕೊಳ್ಳಿ. ನಿಮಿಷಕ್ಕೆ 500 ಘನ ಅಡಿ, ಅಂದರೆ ಗಂಟೆಗೆ ಸುಮಾರು 850 ಘನ ಮೀಟರ್ ಗಾಳಿಯನ್ನು ಅದು ಒಳಗೆಳೆಯುತ್ತದೆ. ಅದಕ್ಕೆ ಸುಮಾರು 90 ಕಿಲೋವಾಟ್ ವಿದ್ಯುತ್ ಬೇಕು. ಮಳೆಗಾಲದಲ್ಲಿ ತಾಪಮಾನ 28 ಡಿಗ್ರಿ ಇರುವ ದಿನ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 20 ಗ್ರಾಂ ನೀರಾವಿ ಇರುತ್ತದೆ. ಲೆಕ್ಕ ಹಾಕಿದರೆ ಗಂಟೆಗೆ 17 ಲೀಟರ್. ಮೂರು ಪಾಳಿಯೂ ಓಡಿದರೆ ದಿನಕ್ಕೆ 400 ಲೀಟರ್ ನೀರು ಕಂಪ್ರೆಸರಿನೊಳಗೆ ಹೋಗುತ್ತಿದೆ!

ಆ ನೀರು ಪೈಪಿನ ಮೂಲಕ ಯಂತ್ರಗಳವರೆಗೆ ಹೋದರೆ ಆಗುವ ಅನಾಹುತ ಕಾರ್ಖಾನೆಯವರಿಗೆ ಚೆನ್ನಾಗಿ ಗೊತ್ತು. ಸಿಲಿಂಡರುಗಳೊಳಗಿನ ಗ್ರೀಸ್ ತೊಳೆದುಹೋಗುತ್ತದೆ, ವಾಲ್ವುಗಳು ತುಕ್ಕು ಹಿಡಿದು ಅಂಟಿಕೊಳ್ಳುತ್ತವೆ, ಪೇಂಟ್ ಹೊಡೆದ ತಗಡಿನ ಮೇಲೆ ಗುಳ್ಳೆ ಏಳುತ್ತದೆ. ಆದ್ದರಿಂದ ಕಂಪ್ರೆಸರಿನ ಪಕ್ಕದಲ್ಲೇ ಡ್ರೈಯರ್ ನಿಂತಿರುತ್ತದೆ. ಆ ಡ್ರೈಯರಿಗೂ ವಿದ್ಯುತ್ ಬೇಕು. ಎಷ್ಟು ಬೇಕು ಎಂಬುದು ಒಂದು ಬಗೆಯ ಡ್ರೈಯರಿನಿಂದ ಇನ್ನೊಂದಕ್ಕೆ ಇಪ್ಪತ್ತು ಪಟ್ಟಿಗೂ ಮಿಕ್ಕಿ ಬದಲಾಗುತ್ತದೆ. ಒಂದೇ ಕೆಲಸಕ್ಕೆ ಇಷ್ಟು ಅಂತರ ಏಕೆ ಎಂದು ತಿಳಿಯಲು ಟ್ಯಾಂಕಿನ ನಲ್ಲಿಯ ಪ್ರಶ್ನೆಯಿಂದಲೇ ಹೊರಡಬೇಕು.

ಪಂಕ್ತಿಯಲ್ಲಿ ಎಷ್ಟು ಎಲೆ?

ಈ ಪ್ರಶ್ನೆಗೆ ದಾರಿ ತೋರಿಸಿದವರು ಮ್ಯಾಂಚೆಸ್ಟರಿನ ಜಾನ್ ಡಾಲ್ಟನ್. ಪರಮಾಣು ಸಿದ್ಧಾಂತದಿಂದ ಹೆಸರಾದ ಅವರಿಗೆ ಮೊದಲಿನಿಂದ ಇದ್ದ ಗೀಳು ಹವಾಮಾನದ್ದು. 1787ರಲ್ಲಿ ಬರೆಯತೊಡಗಿದ ಹವೆಯ ದಿನಚರಿಯನ್ನು 1844ರಲ್ಲಿ ತೀರಿಕೊಳ್ಳುವವರೆಗೂ ಅವರು ಬಿಡಲಿಲ್ಲ. ಗಾಳಿಯೊಂದಿಗೆ ನೀರಾವಿ ಹೇಗೆ ಬೆರೆತಿರುತ್ತದೆ ಎಂದು ಯೋಚಿಸುತ್ತಾ, 1801ರ ಸುಮಾರಿಗೆ ಅವರು ಒಂದು ವಿಚಿತ್ರ ಸಂಗತಿಯನ್ನು ಮುಂದಿಟ್ಟರು: ಒಂದು ಪಾತ್ರೆಯಲ್ಲಿ ಎಷ್ಟು ನೀರಾವಿ ನಿಲ್ಲಬಲ್ಲದು ಎಂಬುದಕ್ಕೂ ಅದೇ ಪಾತ್ರೆಯಲ್ಲಿ ಎಷ್ಟು ಗಾಳಿ ಇದೆ ಎಂಬುದಕ್ಕೂ ಸಂಬಂಧವಿಲ್ಲ. ಜಾಗ ಎಷ್ಟಿದೆ, ಬಿಸಿ ಎಷ್ಟಿದೆ, ಈ ಎರಡೇ ಅದನ್ನು ತೀರ್ಮಾನಿಸುತ್ತವೆ.

ಮದುವೆಮನೆಯ ಊಟದ ಹಾಲನ್ನು ನೆನೆಯಿರಿ. ಒಂದು ಪಂಕ್ತಿಗೆ ಎಷ್ಟು ಎಲೆ ಹಾಕಬಹುದು ಎಂಬುದು ಹಾಲಿನ ಅಳತೆಯ ಮೇಲೆ ನಿಂತಿದೆ. ನಲವತ್ತು ಎಲೆ ಎಂದರೆ ನಲವತ್ತೇ. ಎಂಟು ಹಾಲುಗಳಲ್ಲಿ ಆರಾಮಾಗಿ ಕೂತಿದ್ದ ನೆಂಟರನ್ನೆಲ್ಲ ಒಂದೇ ಹಾಲಿಗೆ ತಂದರೆ ನಲವತ್ತು ಜನ ಕೂರುತ್ತಾರೆ, ಮಿಕ್ಕವರು ಹೊರಗೆ ನಿಲ್ಲಬೇಕು. ಇಲ್ಲಿ ನೆಂಟರು ಎಂದರೆ ನೀರಾವಿ, ಹೊರಗೆ ನಿಂತವರು ಎಂದರೆ ನೀರು. ಬಿಸಿ ಏರಿದರೆ ಎಲೆಗಳು ಹೆಚ್ಚುತ್ತವೆ, ತಣ್ಣಗಾದರೆ ಕಡಿಮೆಯಾಗುತ್ತವೆ.

ಕಾರ್ಖಾನೆಯ ಕಂಪ್ರೆಸರ್ ಮಾಡುವುದು ಇದನ್ನೇ. ಎಂಟು ಘನ ಮೀಟರ್ ಗಾಳಿಯನ್ನು ಒಂದು ಘನ ಮೀಟರಿಗೆ ಒತ್ತುತ್ತದೆ. ಹೊರಗಿನ ಗಾಳಿಯ ಒತ್ತಡವನ್ನು ಲೆಕ್ಕಕ್ಕೆ ಹಿಡಿಯದ ಮೀಟರಿನ ಮುಳ್ಳು ಆಗ 7 ಬಾರ್ ತೋರಿಸುತ್ತದೆ. ಎಂಟು ಘನ ಮೀಟರಿನಲ್ಲಿದ್ದ 160 ಗ್ರಾಂ ನೀರಾವಿ ಈಗ ಒಂದರಲ್ಲಿ. ಒತ್ತುವಾಗ ಗಾಳಿ ಬಿಸಿಯಾಗುವುದರಿಂದ ಆ ಕ್ಷಣಕ್ಕೆ ಅಷ್ಟೂ ಆವಿಯಾಗಿಯೇ ಉಳಿಯುತ್ತದೆ. ಆಮೇಲೆ ಆಫ್ಟರ್‌ಕೂಲರ್ ಎಂಬ ತಣಿಸುವ ಸಾಧನದಲ್ಲಿ ಹಾದು ಗಾಳಿ 38 ಡಿಗ್ರಿಗೆ ಇಳಿಯುತ್ತದೆ. ಆ ಬಿಸಿಯಲ್ಲಿ ಒಂದು ಘನ ಮೀಟರಿನಲ್ಲಿ 46 ಗ್ರಾಂ ಆವಿಗಷ್ಟೇ ಜಾಗ. ಮಿಕ್ಕ 114 ಗ್ರಾಂ ನೀರಾಗಿ ಸುರಿಯುತ್ತದೆ. ಅಂದರೆ ಡ್ರೈಯರಿಗೆ ಗಾಳಿ ತಲಪುವ ಮುಂಚೆಯೇ ಹತ್ತರಲ್ಲಿ ಏಳು ಪಾಲು ನೀರು ಹೊರಬಿದ್ದಾಗಿದೆ.

ಬಳ್ಳಾರಿಯ ಬೇಸಿಗೆ, ಮಂಗಳೂರಿನ ಮಳೆ

ಈ ಲೆಕ್ಕದೊಳಗೆ ಇನ್ನೊಂದು ಮಾತು ಅಡಗಿದೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಅದೇ.

ಮಂಗಳೂರಿನ ಜುಲೈಯಲ್ಲಿ ಡ್ರೈಯರಿಗೆ ಕೆಲಸ ಜಾಸ್ತಿ, ಬಳ್ಳಾರಿಯ ಏಪ್ರಿಲ್‌ನಲ್ಲಿ ಕಡಿಮೆ ಎಂದು ಯಾರಿಗಾದರೂ ಅನಿಸುತ್ತದೆ. ಬಳ್ಳಾರಿಯ ಮಧ್ಯಾಹ್ನ 40 ಡಿಗ್ರಿ ಬಿಸಿಲು, ತೇವ ನೂರಕ್ಕೆ 20 ಎಂದು ಹಿಡಿಯಿರಿ. ತುಟಿ ಒಡೆಯುವಂಥ ಒಣ ಹವೆ. ಆದರೂ ಘನ ಮೀಟರಿಗೆ 10 ಗ್ರಾಂ ಆವಿ ಅದರಲ್ಲಿದೆ. ಎಂಟು ಪಟ್ಟು ಒತ್ತಿದರೆ 80 ಗ್ರಾಂ. ಆಫ್ಟರ್‌ಕೂಲರ್ ಅದನ್ನು 45 ಡಿಗ್ರಿಗೆ ಇಳಿಸಿದರೆ ಅಲ್ಲಿ 65 ಗ್ರಾಂ ಆವಿಗೆ ಮಾತ್ರ ಜಾಗ. ಬಳ್ಳಾರಿಯ ಗಾಳಿಯೂ ಡ್ರೈಯರಿನ ಬಾಗಿಲಿಗೆ ಬರುವ ಹೊತ್ತಿಗೆ ತುಂಬಿ ತುಳುಕುತ್ತಿರುತ್ತದೆ.

ಹಾಗಾಗಿ ಡ್ರೈಯರಿನ ಹೊರೆಯನ್ನು ನಿರ್ಧರಿಸುವುದು ಹೊರಗಿನ ಹವೆಯ ತೇವಕ್ಕಿಂತ, ಗಾಳಿ ಅದರೊಳಗೆ ಹೊಗುವಾಗಿನ ಬಿಸಿ. 35 ಡಿಗ್ರಿಯಲ್ಲಿ ಹೊಕ್ಕರೆ ಘನ ಮೀಟರಿಗೆ 40 ಗ್ರಾಂ, 45 ಡಿಗ್ರಿಯಲ್ಲಿ ಹೊಕ್ಕರೆ 65 ಗ್ರಾಂ. ಹತ್ತು ಡಿಗ್ರಿ ಏರಿದ್ದಕ್ಕೆ ಅರ್ಧಕ್ಕೂ ಮಿಕ್ಕಿ ಹೆಚ್ಚುವರಿ ಹೊರೆ. ಮೇಲಿನ ಲೆಕ್ಕದಲ್ಲಿ ಬಳ್ಳಾರಿಯ ಏಪ್ರಿಲ್ ಮಳೆಗಾಲದ ಪೀಣ್ಯವನ್ನು ಮೀರಿಸಿತು!

ಆಫ್ಟರ್‌ಕೂಲರ್ ಗಾಳಿಯನ್ನು ಸಾಮಾನ್ಯವಾಗಿ ಹೊರಗಿನ ತಾಪಮಾನಕ್ಕಿಂತ ಐದರಿಂದ ಹತ್ತು ಡಿಗ್ರಿ ಮೇಲಿನವರೆಗೆ ಇಳಿಸುತ್ತದೆ. ಆದರೆ ಅದರ ತೆಳು ರೆಕ್ಕೆಗಳ ನಡುವೆ ಎಣ್ಣೆ ಬೆರೆತ ಧೂಳು ಕಂಬಳಿಯಷ್ಟು ದಪ್ಪಗೆ ಕೂತಿದ್ದರೆ ಅಷ್ಟು ಇಳಿಯುವುದಿಲ್ಲ. ಕಂಪ್ರೆಸರ್ ಕೋಣೆಯ ಬಿಸಿಗಾಳಿ ಹೊರಗೆ ಹೋಗದೆ ಅಲ್ಲೇ ಸುತ್ತುತ್ತಿದ್ದರೂ ಅಷ್ಟೇ. ಹೊಸ ಡ್ರೈಯರಿಗೆ ಲಕ್ಷಗಟ್ಟಲೆ ಸುರಿಯುವ ಮೊದಲು ಆ ರೆಕ್ಕೆಗಳನ್ನು ತೊಳೆದು, ಬಿಸಿಗಾಳಿ ಹೊರಹೋಗಲು ಗೋಡೆಯಲ್ಲೊಂದು ಕಿಂಡಿ ಕೊರೆಸುವುದು ಲೇಸು. ಡ್ರೈಯರಿನ ಹೊರೆಯನ್ನು ಇಳಿಸಲು ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ.

ತಂಪು ಡ್ರೈಯರ್

ಉಳಿದ 46 ಗ್ರಾಂ ನೀರನ್ನು ತೆಗೆಯುವ ಸರಳ ದಾರಿ, ಇನ್ನೂ ತಣಿಸುವುದು. ಫ್ರಿಜ್‌ನಲ್ಲಿ ಇರುವಂಥದೇ ಯಂತ್ರದಿಂದ ಗಾಳಿಯನ್ನು 3 ಡಿಗ್ರಿಗೆ ಇಳಿಸಿದರೆ ಘನ ಮೀಟರಿಗೆ 6 ಗ್ರಾಂ ಆವಿ ಮಾತ್ರ ಉಳಿಯುತ್ತದೆ. ಇದು ತಂಪು ಡ್ರೈಯರ್. ಒಳಬರುವ ಬೆಚ್ಚನೆ ಗಾಳಿ, ಹೊರಹೋಗುವ ತಣ್ಣನೆ ಗಾಳಿಯ ಪೈಪಿಗೆ ತಾಗಿಕೊಂಡು ಹಾದುಬರುವಂತೆ ಅದರಲ್ಲಿ ಏರ್ಪಾಡು ಇರುತ್ತದೆ. ಹೊರಹೋಗುವ ಗಾಳಿ ತನ್ನ ತಂಪನ್ನು ಬಿಟ್ಟುಕೊಟ್ಟು ಹೋಗುವುದರಿಂದ ಯಂತ್ರಕ್ಕೆ ಅರೆಪಾಲು ಕೆಲಸ ಉಳಿಯುತ್ತದೆ. ನಮ್ಮ 500 ಸಿಎಫ್‌ಎಂ ಗಾಳಿಗೆ ಎರಡೂವರೆ ಕಿಲೋವಾಟ್ ಸಾಕು.

ಯಾವ ಬಿಸಿಗೆ ಇಳಿದಾಗ ಆವಿ ನೀರಾಗತೊಡಗುತ್ತದೋ ಅದನ್ನು ಇಬ್ಬನಿ ಬಿಂದು ಎನ್ನೋಣ. ಕಾರ್ಖಾನೆಗಳಲ್ಲಿ ಡ್ಯೂ ಪಾಯಿಂಟ್ ಎನ್ನುತ್ತಾರೆ. ಇಬ್ಬನಿ ಬಿಂದು 3 ಡಿಗ್ರಿ ಇರುವ ಗಾಳಿ ಪೈಪಿನಲ್ಲಿ ಹೋಗುವಾಗ, ಪೈಪು 3 ಡಿಗ್ರಿಗಿಂತ ತಣ್ಣಗಾಗದ ಹೊರತು ಒಂದು ಹನಿಯೂ ಬೀಳದು. ಕರ್ನಾಟಕದ ಯಾವ ಕಾರ್ಖಾನೆಯ ಛಾವಣಿಯ ಕೆಳಗೆ ಪೈಪು ಅಷ್ಟು ತಣ್ಣಗಾಗುತ್ತದೆ? ಲೇತು, ಪ್ರೆಸ್, ಸಿಲಿಂಡರು, ಗಾಳಿ ಸ್ಪ್ಯಾನರು ಎಲ್ಲಕ್ಕೂ ಈ ಒಣಗು ಸಾಕು.

3 ಡಿಗ್ರಿಗಿಂತ ಕೆಳಗೆ ಈ ದಾರಿ ಮುಚ್ಚಿದೆ. ಸೊನ್ನೆ ದಾಟಿದರೆ ನೀರು ಮಂಜುಗಡ್ಡೆಯಾಗಿ ಪೈಪನ್ನೇ ಕಟ್ಟಿಬಿಡುತ್ತದೆ.

ಕೊನೆಯ ಆರು ಗ್ರಾಂ

ಕೆಲವು ಕಡೆ ಆ ಆರು ಗ್ರಾಂ ಕೂಡ ಇರಬಾರದು. ತೇವ ತಾಗಿದರೆ ಕೆಡುವ ಔಷಧದ ಪುಡಿಯನ್ನು ಗಾಳಿಯಿಂದ ಸಾಗಿಸುವಾಗ, ಎಲೆಕ್ಟ್ರಾನಿಕ್ಸ್ ಬಿಡಿಭಾಗ ಮಾಡುವಾಗ, ಹೊರಗೆ ಹೆಪ್ಪುಗಟ್ಟುವ ಚಳಿ ಇರುವ ಊರುಗಳಲ್ಲಿ. ಅಲ್ಲಿ ಇಬ್ಬನಿ ಬಿಂದು ಸೊನ್ನೆಗಿಂತ 40 ಡಿಗ್ರಿ ಕೆಳಗೆ ಇರಬೇಕು ಎನ್ನುತ್ತಾರೆ. ಆಗ ಘನ ಮೀಟರಿಗೆ ಉಳಿಯುವ ಆವಿ ಒಂದು ಗ್ರಾಮಿನ ಎಂಟನೆಯ ಒಂದು ಪಾಲು.

ಇದಕ್ಕೆ ಬೇಕಾದದ್ದು ಮಣಿ ಡ್ರೈಯರ್. ಮಾತ್ರೆಯ ಡಬ್ಬಿಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣದ ಜಾತಿಯದೇ ಮಣಿಗಳನ್ನು, ಹೆಚ್ಚಾಗಿ ಅಲ್ಯೂಮಿನಾ ಮಣಿಗಳನ್ನು, ಆಳೆತ್ತರದ ಉಕ್ಕಿನ ಕಂಬದಲ್ಲಿ ತುಂಬಿರುತ್ತಾರೆ. ಒಂದು ಗ್ರಾಂ ಮಣಿಯ ಒಳಗಿನ ಸೂಕ್ಷ್ಮ ರಂಧ್ರಗಳ ಮೈಯನ್ನೆಲ್ಲ ಹರವಿದರೆ ಇನ್ನೂರು ಚದರ ಮೀಟರಿಗೂ ಹೆಚ್ಚಾದೀತು. ಆ ಮೈಗೆ ನೀರಾವಿ ಅಂಟಿಕೊಳ್ಳುತ್ತದೆ. ಅಂಟಿದಂತೆ ಮಣಿಗಳು ತೇವದಿಂದ ತುಂಬುತ್ತವೆ, ಆಮೇಲೆ ಅವನ್ನೇ ಒಣಗಿಸಬೇಕು. ಅದಕ್ಕೇ ಕಂಬಗಳು ಎರಡು: ಒಂದು ಗಾಳಿಯನ್ನು ಒಣಗಿಸುತ್ತಿದ್ದರೆ ಇನ್ನೊಂದು ತಾನು ಒಣಗುತ್ತಿರುತ್ತದೆ. ಐದು ನಿಮಿಷಕ್ಕೊಮ್ಮೆ ಸರದಿ ಬದಲು.

ಆ ಬದಲಾವಣೆಯನ್ನು ಪಕ್ಕದಲ್ಲಿ ನಿಂತು ನೋಡಬೇಕು. ಎರಡೂ ಕಂಬದ ಮೀಟರುಗಳು 7 ಬಾರ್ ತೋರಿಸುತ್ತಿರುತ್ತವೆ. ವಾಲ್ವು ಟಕ್ ಎನ್ನುತ್ತದೆ, ಕೆಳಗಿನ ಸೈಲೆನ್ಸರಿನಿಂದ ‘ಭುಸ್’ ಎಂದು ಕಿವಿ ಮುಚ್ಚುವಂಥ ಸದ್ದು, ಒಂದು ಮೀಟರಿನ ಮುಳ್ಳು ಸೊನ್ನೆಗೆ ಬೀಳುತ್ತದೆ. ಸದ್ದು ಇಳಿಯುತ್ತದೆ, ಆದರೆ ನಿಲ್ಲುವುದಿಲ್ಲ. ಸೈಲೆನ್ಸರಿನ ಎದುರು ಅಂಗೈ ಹಿಡಿದರೆ ನಿಮಿಷಗಟ್ಟಲೆ ಗಾಳಿ ಒಂದೇ ಸಮ ತಾಗುತ್ತಿರುತ್ತದೆ. ಅದು ಪಕ್ಕದ ಕಂಬದಲ್ಲಿ ಈಗಷ್ಟೇ ಒಣಗಿದ ಗಾಳಿಯ ಒಂದು ಪಾಲು, ಸಾಮಾನ್ಯವಾಗಿ ನೂರಕ್ಕೆ ಹದಿನೈದು. ಒದ್ದೆ ಮಣಿಗಳ ತೇವವನ್ನು ಹೊತ್ತು ಅದು ಹೊರಗೆ ಹೋಗುತ್ತಿದೆ. ಇದನ್ನು ತೊಳೆಗಾಳಿ ಎಂದು ಕರೆಯೋಣ.

ನೂರಕ್ಕೆ ಹದಿನೈದೇ ಏಕೆ?

ಈ ವಿಧಾನವನ್ನು ರೂಪಿಸಿದವರು ಅಮೆರಿಕದ ಎಸ್ಸೋ ಸಂಶೋಧನಾ ಸಂಸ್ಥೆಯಲ್ಲಿದ್ದ ಚಾರ್ಲ್ಸ್ ಸ್ಕಾರ್‌ಸ್ಟ್ರಾಮ್. 1960ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಅದಕ್ಕೆ ಮುಂಚೆ ಒದ್ದೆ ಮಣಿಗಳನ್ನು ಒಣಗಿಸಲು ಕಾಯಿಸುತ್ತಿದ್ದರು. ಕಾಯಿಸದೆಯೂ ಒಣಗಿಸಬಹುದು ಎಂದು ತೋರಿಸಿದ್ದು ಅವರ ಸಾಧನೆ. 2021ರಲ್ಲಿ ನಮ್ಮ ಆಸ್ಪತ್ರೆಗಳ ಅಂಗಳಗಳಲ್ಲಿ ಎದ್ದುನಿಂತ ಪಿಎಸ್‌ಎ ಆಮ್ಲಜನಕ ಘಟಕಗಳೂ ಇದೇ ತತ್ವದಿಂದ ನಡೆಯುವಂಥವು.

ಡಾಲ್ಟನ್ ಹೇಳಿದ್ದನ್ನು ಸ್ಕಾರ್‌ಸ್ಟ್ರಾಮ್ ತಿರುಗಿಸಿ ಬಳಸಿದರು. ಒತ್ತಿದ ಒಣಗಾಳಿಯ ಒಂದು ಪಾಲನ್ನು ಹೊರಗಿನ ಒತ್ತಡಕ್ಕೆ ಬಿಟ್ಟರೆ ಅದು ಎಂಟು ಪಟ್ಟು ಹಿಗ್ಗುತ್ತದೆ. ಒಂದು ಹಾಲಿನ ಗಾಳಿ ಎಂಟು ಹಾಲಾಯಿತು, ಎಲ್ಲದರಲ್ಲೂ ಎಲೆಗಳು ಖಾಲಿ! ಮಣಿಗಳಲ್ಲಿ ಕೂತಿದ್ದ ನೀರು ಎದ್ದು ಅಲ್ಲಿಗೆ ಹೋಗುತ್ತದೆ. ಹಾಗಾದರೆ ಎಷ್ಟು ತೊಳೆಗಾಳಿ ಸಾಕು? ಎಂಟು ಪಟ್ಟು ಹಿಗ್ಗುವುದರಿಂದ ಎಂಟನೆಯ ಒಂದು ಪಾಲು, ಅಂದರೆ ನೂರಕ್ಕೆ ಹನ್ನೆರಡೂವರೆ. ಮೇಲೆ ಸ್ವಲ್ಪ ಭದ್ರತೆಗೆಂದು ಸೇರಿಸಿದರೆ ಹದಿನೈದು. ಎಲ್ಲರೂ ಬಳಸುವ ಆ ಸಂಖ್ಯೆ ಬಂದದ್ದು ಹೀಗೆ.

ಐದು ನಿಮಿಷದ ಸರದಿಗೂ ಕಾರಣವಿದೆ. ಆವಿ ಮಣಿಗೆ ಅಂಟುವಾಗ ಬಿಸಿ ಹುಟ್ಟುತ್ತದೆ, ಬಿಡಿಸಿಕೊಳ್ಳುವಾಗ ಅಷ್ಟೇ ಬಿಸಿ ಬೇಕಾಗುತ್ತದೆ. ತಡಮಾಡಿದರೆ ಹುಟ್ಟಿದ ಬಿಸಿ ಒಣಗಾಳಿಯ ಜೊತೆ ಹೊರಟುಹೋಗುತ್ತದೆ. ಬೇಗ ಬದಲಿಸಿದರೆ ಅದು ಇನ್ನೂ ಕಂಬದೊಳಗೇ ಇರುತ್ತದೆ, ಮಣಿಗಳನ್ನು ಒಣಗಿಸಲು ಒದಗುತ್ತದೆ. ಅದರಿಂದಲೇ ಹೀಟರಿನ ಅಗತ್ಯ ತಪ್ಪಿತು.

ಆದರೆ ತೊಳೆಗಾಳಿ ಪುಕ್ಕಟೆ ಬಂದದ್ದಲ್ಲ. ವಿದ್ಯುತ್ ಖರ್ಚು ಮಾಡಿ ಒತ್ತಿದ ಗಾಳಿ ಅದು. 500ರಲ್ಲಿ 75 ಸಿಎಫ್‌ಎಂ ಹೊರಗೆ ಹೋದರೆ 90 ಕಿಲೋವಾಟಿನಲ್ಲಿ ಹದಿಮೂರೂವರೆ ಹೋದಂತೆ. ವರ್ಷಕ್ಕೆ 8000 ಗಂಟೆ ಓಡಿದರೆ 1,08,000 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೆ ಏಳೂವರೆ ಲಕ್ಷ ರೂಪಾಯಿ. ಇದು ಡ್ರೈಯರಿನ ವಿದ್ಯುತ್ ಮೀಟರಿನಲ್ಲಿ ಕಾಣುವುದೇ ಇಲ್ಲ, ಕಂಪ್ರೆಸರಿನ ಬಿಲ್ಲಿನೊಳಗೆ ಸೇರಿಹೋಗಿರುತ್ತದೆ. ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದಿರುವುದಕ್ಕೆ ಅದೇ ಕಾರಣ.

ಇನ್ನೂ ಬೇಸರದ ಸಂಗತಿ ಎಂದರೆ, ತೊಳೆಗಾಳಿಯ ಅಳತೆ ಒಂದು ಚಿಕ್ಕ ರಂಧ್ರದಲ್ಲಿ ಕಾಯಂ ಆಗಿಬಿಟ್ಟಿದೆ. ಕಾರ್ಖಾನೆ ಪೂರ್ತಿ ಓಡಲಿ, ಅರ್ಧ ಓಡಲಿ, ಹೋಗುವುದು 75 ಸಿಎಫ್‌ಎಮ್ಮೇ. ರಾತ್ರಿ ಪಾಳಿಯಲ್ಲಿ 250 ಸಿಎಫ್‌ಎಂ ಮಾತ್ರ ಡ್ರೈಯರಿನಲ್ಲಿ ಹಾದರೆ ಅದು ನೂರಕ್ಕೆ ಮೂವತ್ತಾಯಿತು. ಡಿಸೆಂಬರಿನ ಬೆಳಿಗ್ಗೆ ಗಾಳಿ 38ರ ಬದಲು 25 ಡಿಗ್ರಿಯಲ್ಲಿ ಒಳಬಂದರೆ ಅದರಲ್ಲಿ ಇರುವುದು 46 ಗ್ರಾಂ ಅಲ್ಲ, 23, ಸರಿಯಾಗಿ ಅರ್ಧ. ಆಗಲೂ ರಂಧ್ರ ಅಷ್ಟೇ ಗಾಳಿ ಬಿಡುತ್ತದೆ.

ಇದಕ್ಕೆ ಮದ್ದು ಇದೆ. ಹೊರಹೋಗುವ ಗಾಳಿಯ ದಾರಿಯಲ್ಲಿ ಇಬ್ಬನಿ ಬಿಂದು ಅಳೆಯುವ ಸೆನ್ಸರ್ ಕೂರಿಸಿ, ಸರದಿ ಬದಲಿಸುವ ಅಧಿಕಾರವನ್ನು ಗಡಿಯಾರದಿಂದ ಕಿತ್ತು ಅದಕ್ಕೆ ಕೊಡುವುದು. ಒದ್ದೆ ಕಂಬವನ್ನು ಎಂದಿನಂತೆ ತೊಳೆದು ಮುಗಿಸಿ, ವಾಲ್ವು ಮುಚ್ಚಿ, ಯಂತ್ರ ಕಾಯುತ್ತದೆ. ಕೆಲಸದಲ್ಲಿರುವ ಕಂಬದ ಮಣಿಗಳು ನಿಜವಾಗಿ ತುಂಬುತ್ತಾ ಬಂದಾಗ ಮಾತ್ರ ಸರದಿ ಬದಲು. ಅರ್ಧ ನೀರು ಬಂದ ದಿನ ಸುಮಾರು ಅರ್ಧ ತೊಳೆಗಾಳಿ ಉಳಿಯುತ್ತದೆ. ಹಳೆಯ ಡ್ರೈಯರುಗಳಿಗೂ ಇದನ್ನು ಜೋಡಿಸಬಹುದು. ಸೆನ್ಸರನ್ನು ಆಗಾಗ ತಪಾಸಣೆಗೆ ಕಳಿಸುವುದನ್ನು ಮಾತ್ರ ಮರೆಯಬಾರದು. ಅದು ತಪ್ಪು ಹೇಳತೊಡಗಿದರೆ ಒಂದೋ ನೀರು ಒಳಗೆ ಹೋಗುತ್ತದೆ, ಇಲ್ಲವೇ ಉಳಿತಾಯ ಹೋಗುತ್ತದೆ.

ಒದ್ದೆ ಗಾಳಿಯಿಂದ ಒಣಗಿಸುವುದು

ಗಾಳಿಯನ್ನು ಒತ್ತಲು ಬಳಸಿದ ವಿದ್ಯುತ್ತು ಹೆಚ್ಚುಕಡಿಮೆ ಅಷ್ಟೂ ಬಿಸಿಯಾಗಿ ಬದಲಾಗುತ್ತದೆ. ಆ ಬಿಸಿಯನ್ನು ಆಫ್ಟರ್‌ಕೂಲರ್ ಹೊರಗೆ ಚೆಲ್ಲುತ್ತದೆ. ಮರುಗಳಿಗೆಗೇ ಪಕ್ಕದ ಡ್ರೈಯರಿನಲ್ಲಿ ಮಣಿಗಳನ್ನು ಒಣಗಿಸಲು ದುಬಾರಿ ಗಾಳಿಯನ್ನೋ ಹೀಟರನ್ನೋ ಬಳಸುತ್ತೇವೆ. ಚೆಲ್ಲುವ ಬಿಸಿಯನ್ನೇ ಮಣಿಗಳಿಗೆ ಕೊಟ್ಟರೆ?

ಅಡ್ಡಿ ಎಂದು ತೋರುವುದು ಒಂದೇ: ಕಂಪ್ರೆಸರಿನಿಂದ ಬರುವ ಬಿಸಿಗಾಳಿಯಲ್ಲಿ ಅಷ್ಟೂ ನೀರು ಇದೆ, ಆ 160 ಗ್ರಾಂ. ಒದ್ದೆ ಗಾಳಿ ಒದ್ದೆ ಮಣಿಯನ್ನು ಒಣಗಿಸೀತೆ?

ಒಣಗಿಸುತ್ತದೆ. ಎಣ್ಣೆ ಬಳಸದೆ ಗಾಳಿಯನ್ನು ಒತ್ತುವ ಸ್ಕ್ರೂ ಕಂಪ್ರೆಸರುಗಳಿಂದ ಗಾಳಿ 160 ಡಿಗ್ರಿಯಷ್ಟು ಬಿಸಿಯಾಗಿ ಹೊರಬರುತ್ತದೆ. ಅಷ್ಟು ಬಿಸಿಯಲ್ಲಿ ಎಲೆಗಳು ಲೆಕ್ಕವಿಲ್ಲದಷ್ಟು. ಇರುವ ಆವಿಯೆಲ್ಲ ಕೂತರೂ ತುಂಬುವುದು ನೂರಕ್ಕೆ ನಾಲ್ಕೇ. ಅಂದರೆ ನೀರು ಹೊತ್ತುಕೊಂಡೇ ಈ ಗಾಳಿ ಬಳ್ಳಾರಿಯ ಬೇಸಿಗೆ ಗಾಳಿಗಿಂತ ಹೆಚ್ಚು ದಾಹದಿಂದ ಕೂಡಿದೆ. ಮಣಿಗಳಿಂದ ನೀರನ್ನು ಸೆಳೆಯಲು ಗಾಳಿಯಲ್ಲಿ ಎಷ್ಟು ನೀರಿದೆ ಎಂಬುದಕ್ಕಿಂತ, ಇನ್ನೆಷ್ಟು ಹಿಡಿಯಬಲ್ಲದು ಎಂಬುದು ಮುಖ್ಯ.

ಹಾಗಾಗಿ ಕಂಪ್ರೆಸರಿನಿಂದ ಬಂದ ಬಿಸಿಗಾಳಿಯನ್ನು ಮೊದಲು ಒದ್ದೆ ಕಂಬದ ಮೂಲಕ ಹಾಯಿಸುತ್ತಾರೆ. ಮಣಿಗಳ ತೇವವನ್ನೂ ಎತ್ತಿಕೊಂಡ ಅದೇ ಗಾಳಿ ಆಫ್ಟರ್‌ಕೂಲರಿಗೆ ಹೋಗಿ ತಣಿಯುತ್ತದೆ. ಸ್ವಂತದ್ದು ಮತ್ತು ಮಣಿಗಳದ್ದು ಎರಡೂ ನೀರು ಅಲ್ಲಿ ಸುರಿಯುತ್ತದೆ. ತಣ್ಣಗಾದ ಗಾಳಿ ಆಮೇಲೆ ಎರಡನೆಯ ಕಂಬಕ್ಕೆ ಹೋಗಿ ಪೂರ್ತಿ ಒಣಗುತ್ತದೆ. ಹೊರಗೆ ಬಿಟ್ಟ ಗಾಳಿ ಇಲ್ಲವೇ ಇಲ್ಲ ಎನ್ನಬಹುದು. ಒತ್ತಿದಾಗ ಹುಟ್ಟುವ ಬಿಸಿ ಎಂಬ ಅರ್ಥದಲ್ಲಿ ಇದನ್ನು ಒತ್ತುಬಿಸಿ ಡ್ರೈಯರ್ ಎನ್ನೋಣ. ನಮ್ಮ ದೇಶದ ಬ್ಯೂರೋ ಆಫ್ ಎನರ್ಜಿ ಎಫಿಷಿಯೆನ್ಸಿಯ ಕೈಪಿಡಿಯಲ್ಲಿ ಗಂಟೆಗೆ 1000 ಘನ ಮೀಟರ್ ಗಾಳಿ ಒಣಗಿಸುವ ಲೆಕ್ಕ ಇದೆ: ತೊಳೆಗಾಳಿಯ ಮಣಿ ಡ್ರೈಯರಿಗೆ 20.7 ಕಿಲೋವಾಟ್, ತಂಪು ಡ್ರೈಯರಿಗೆ 2.9, ಒತ್ತುಬಿಸಿ ಡ್ರೈಯರಿಗೆ 0.8.

ಇದಕ್ಕೂ ಕೆಲವು ಕಟ್ಟುಪಾಡುಗಳಿವೆ. ಕಂಪ್ರೆಸರ್ ಕಡಿಮೆ ಹೊರೆಯಲ್ಲಿ ಓಡಿ ಗಾಳಿ ಸಾಕಷ್ಟು ಕಾಯದಿದ್ದರೆ ಮಣಿಗಳು ಪೂರ್ತಿ ಒಣಗುವುದಿಲ್ಲ. ಈಗಷ್ಟೇ ಕಾದ ಕಂಬವನ್ನು ತಣಿಸದೆ ಸರದಿಗೆ ಹಚ್ಚಿದರೆ ಕೆಲ ನಿಮಿಷ ಬೆಚ್ಚನೆಯ, ತೇವದ ಗಾಳಿ ಹೊರಬರುತ್ತದೆ. ಆಫ್ಟರ್‌ಕೂಲರನ್ನು ತಣಿಸುವ ನೀರು ಬೆಚ್ಚಗಿದ್ದರೆ ಇಬ್ಬನಿ ಬಿಂದು ಮೇಲೇರುತ್ತದೆ.

ಎಣ್ಣೆ ಬಳಸುವ ಕಂಪ್ರೆಸರ್ ಇದ್ದರೆ

ಪೀಣ್ಯದಂಥ ಕಡೆಯ ಮಧ್ಯಮ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಇರುವುದು ಸ್ಕ್ರೂಗಳ ನಡುವೆ ಎಣ್ಣೆ ಹಾಯಿಸುವ ಕಂಪ್ರೆಸರುಗಳು. ಎಣ್ಣೆಯೇ ಬಿಸಿಯನ್ನು ಹೊತ್ತೊಯ್ಯುವುದರಿಂದ ಅವುಗಳ ಗಾಳಿ 80-100 ಡಿಗ್ರಿ ದಾಟುವುದು ಅಪರೂಪ. ಜೊತೆಗೆ ಎಣ್ಣೆಯ ಆವಿ ಮಣಿಗಳ ರಂಧ್ರಗಳನ್ನು ಮುಚ್ಚಿ ಅವನ್ನು ಶಾಶ್ವತವಾಗಿ ಕೆಡಿಸುತ್ತದೆ. ಒತ್ತುಬಿಸಿಯ ದಾರಿ ಅವರಿಗಿಲ್ಲ.

ಅವರು ಕೇಳಬೇಕಾದ ಪ್ರಶ್ನೆ, ಯಾವ ಯಂತ್ರಕ್ಕೆ ಎಷ್ಟು ಒಣಗು ಬೇಕು ಎಂಬುದು. ಕಾರ್ಖಾನೆಯ ಒಂದು ಮೂಲೆಯ ಪೇಂಟ್ ಬೂತಿಗೆ ಮೈನಸ್ 40 ಬೇಕು ಎಂದು ಇಡೀ ಕಾರ್ಖಾನೆಯ ಗಾಳಿಯನ್ನು ಮೈನಸ್ 40ಕ್ಕೆ ಒಣಗಿಸುವ ಪರಿಪಾಠ ಇದೆ. ಬೂತಿಗೆ ಬೇಕಾದದ್ದು 40 ಸಿಎಫ್‌ಎಂ ಎಂದುಕೊಳ್ಳಿ. ಇಡೀ 500ಕ್ಕೆ ತಂಪು ಡ್ರೈಯರ್ ಹಾಕಿ, ಬೂತಿನ ಬಾಗಿಲಲ್ಲಿ ಮಾತ್ರ, ಎಣ್ಣೆ ಹಿಡಿಯುವ ಫಿಲ್ಟರಿನ ನಂತರ, ಒಂದು ಚಿಕ್ಕ ಮಣಿ ಡ್ರೈಯರ್ ಕೂರಿಸಿದರೆ ತೊಳೆಗಾಳಿ 75ರಿಂದ 6 ಸಿಎಫ್‌ಎಂಗೆ ಇಳಿಯುತ್ತದೆ. ತಂಪು ಡ್ರೈಯರಿನ ಎರಡೂವರೆ ಕಿಲೋವಾಟ್, ಆ ತೊಳೆಗಾಳಿಗೆ ಒಂದು ಕಿಲೋವಾಟ್ ಸುಮಾರು. ಮೊದಲಿದ್ದ ಹದಿಮೂರೂವರೆಯ ಜಾಗದಲ್ಲಿ ಒಟ್ಟು ಮೂರೂವರೆ.